ಬಿಟ್ಟು ಓದಿದ ಸಾಲುಗಳು

ತಂಗಿಯ ಕೂಸಿನ ದೀಕ್ಷಾಸ್ನಾನಕ್ಕೆ ಬರುವುದಿಲ್ಲವೆಂದು ಫೋನಿನಲ್ಲಿ ಹೇಳಿಬಿಟ್ಟ ಮೇಲೆ ಜಯಶೀಲನಿಗೆ ಒಂದು ಕಡೆ ಕೂರಲಾಗಲಿಲ್ಲ. ಅಮೆರಿಕದ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಪರೀಕ್ಷಿಸುವ ಕೆಲಸ ಅವನದು. ಆ ವಾರ ಪರೀಕ್ಷಿಸಿ ಮುಚ್ಚಿದ ಪೆಟ್ಟಿಗೆಯನ್ನೇ ಮತ್ತೆ ತೆರೆದು ನೋಡುತ್ತಿದ್ದ.

ಅಣ್ಣ ತಂಗಿ ಇಬ್ಬರಿಗೂ ಗದಗ-ಬೆಟಗೇರಿಯ ಒಂದೇ ಚರ್ಚಿನಲ್ಲಿ, ಕೂಸಾಗಿದ್ದಾಗಲೇ ತಲೆಗೆ ನೀರು ಹಾಕಿಸಿದ್ದರು. ತಂಗಿ ಕರುಣಾ ಆ ರೂಢಿಯನ್ನು ಬಿಡಲಿಲ್ಲ. ಜಯಶೀಲ ಮಾತ್ರ ಕೆನ್ಮೋರ್‌ನ ಕನ್ನಡ ಕ್ರೈಸ್ತ ಸಭೆಯ ಹಿರಿಯ ವಿಜಯೇಂದ್ರರ ಮಾತಿಗೆ ಒಪ್ಪಿ, ಬುದ್ಧಿ ಬಲಿತ ಮೇಲೆ ಮುಳುಗಿ ಪಡೆದದ್ದೇ ನಿಜವಾದ ಸ್ನಾನವೆಂದು ಸರೋವರಕ್ಕಿಳಿದು ಬಂದಿದ್ದ. ಹನ್ನೊಂದು ಕುಟುಂಬಗಳ ಆ ಸಭೆ ಇದೇ ವಿಷಯಕ್ಕೆ ಒಡೆಯಿತು. ನಾಲ್ಕು ಕುಟುಂಬಗಳು ಹೊರಬಿದ್ದವು, ಕರುಣಾಳದೂ ಸೇರಿ. ಸತ್ಯವೇದಕ್ಕೆ, ಅಂದರೆ ಬೈಬಲ್ಲಿಗೆ, ಮರಳಿದವರು ನಾವೇ ಎಂದು ಎರಡೂ ಕಡೆಯವರು ಹೇಳಿಕೊಂಡರು.

ಮೊಮ್ಮಗನ ದೀಕ್ಷಾಸ್ನಾನಕ್ಕೆಂದು ಊರಿನಿಂದ ಬಂದಿದ್ದ ತಾಯಿ ಪ್ರೇಮಮ್ಮ ಆ ವಾರ ಜಯಶೀಲನ ಮನೆಯಲ್ಲಿದ್ದರು. ಕಣ್ಣಿಗೆ ಪೊರೆ ಬಂದು ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಚಹಾ ಮುಗಿಸಿ ಮಗನನ್ನು ಕರೆದರು.

"ಕೊರಿಂಥದವರಿಗೆ ಬರದ ಮೊದಲನೇ ಪತ್ರ ಓದಪಾ. ಮೊದಲಿಂದ ಓದು. ನಡುವ ಬಿಡಬ್ಯಾಡ."

ಜಯಶೀಲನ ಸತ್ಯವೇದದ ತುಂಬ ಕೆಂಪು ಗೆರೆಗಳು. ವಾದಕ್ಕೆ ಬೇಕಾದ ವಚನಗಳನ್ನೆಲ್ಲ ಗುರುತು ಮಾಡಿದ್ದ. ಈ ಪುಟದಲ್ಲಿ ಒಂದೂ ಗೆರೆಯಿರಲಿಲ್ಲ. ನಾನು ಇಂಥವನ ಕಡೆ, ನೀನು ಅಂಥವನ ಕಡೆ ಎಂದು ಬಡಿದಾಡುತ್ತಿದ್ದ ಸಭೆಯನ್ನು ಪತ್ರ ಬರೆದ ಪೌಲ ಗದರಿಸುವುದನ್ನು ಓದುತ್ತ ಅವನ ದನಿ ಇಳಿಯಿತು. ಮುಂದೆ, ನಿಮ್ಮಲ್ಲಿ ಹೆಚ್ಚು ಜನಕ್ಕೆ ನಾನು ದೀಕ್ಷಾಸ್ನಾನ ಮಾಡಿಸದೆ ಇದ್ದದ್ದೇ ಒಳ್ಳೆಯದಾಯಿತೆಂದು ಪೌಲ ದೇವರಿಗೆ ವಂದನೆ ಹೇಳುವ ಮಾತು ಬಂತು. ಒಂದು ಮನೆಯವರಿಗೆಲ್ಲ ಮಾಡಿಸಿದ್ದೆನೆಂಬ ಮಾತೂ ಇತ್ತು. ಮನೆಯವರೆಂದರೆ ಕೂಸುಗಳೂ ಇದ್ದವೋ ಏನೋ, ಕರುಣಾ ಇದನ್ನೇ ಹಿಡಿದರೆ ಏನು ಉತ್ತರ ಕೊಡಲಿ ಎಂದು ಮನಸ್ಸು ಆಗಲೇ ಓಡುತ್ತಿತ್ತು. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಯಾಕ ನಿಂತಿ?"

"ಅವ್ವಾ, ನಾ ಇದನ್ನ ಓದೇ ಇಲ್ಲ."

"ಓದಿದ್ದಿ. ಸಂಡೇ ಸ್ಕೂಲಿನ್ಯಾಗ ಬಾಯಿಪಾಠ ಒಪ್ಪಿಸಿದ್ದಿ. ಈಗ ನಿನಗ ಬೇಕಾದಷ್ಟನ್ನ ಓದತಿ. ಕರುಣಾನೂ ಹಂಗ. ಆಕಿಗೂ ಹೇಳೀನಿ."

ಭಾನುವಾರ ಅವನು ತಾಯಿಯನ್ನು ಕೂರಿಸಿಕೊಂಡು ಕರುಣಾಳ ಚರ್ಚಿರುವ ರೆಡ್‌ಮಂಡ್‌ಗೆ ಡ್ರೈವ್ ಮಾಡಿದ. ದಾರಿಯಲ್ಲಿ ಎರಡು ಸಲ ತಿರುಗಿ ಹೋಗೋಣವೆನಿಸಿತು. ಚರ್ಚಿನ ಕೊನೆಯ ಸಾಲಿನಲ್ಲಿ ನಿಂತ. ನೀರು ಬಿದ್ದೊಡನೆ ಕೂಸು ಕಿರುಚಿತು. ಎಲ್ಲರೂ ನಕ್ಕರು, ಅವನೂ ನಕ್ಕ.

ಹೊರಗೆ ಕರುಣಾ ಎದುರು ಬಂದಳು. "ಏನಣ್ಣ, ಮನಸ್ಸು ಚೇಂಜ್ ಆಯ್ತಾ?"

"ಇಲ್ಲ. ಇದು ಸರಿ ಅಂತ ನಂಗಿನ್ನೂ ಅನ್ಸಿಲ್ಲ. ಆದ್ರೆ ಬರಲ್ಲ ಅಂದಿದ್ದು ತಪ್ಪು. ಅದಕ್ಕೇ ಬಂದೆ."

ಅವಳು ಕೂಸನ್ನು ಅವನ ಕೈಗಿಟ್ಟಳು.

ಮರುದಿನವೇ ವಿಜಯೇಂದ್ರರ ಕಾಲ್ ಬಂತು. "ಜಯಶೀಲ್, ಸ್ವಲ್ಪ ದಿನ ಹಾಡು ನಡ್ಸೋದು ಬೇಡ. ನೀನು ಅಲ್ಲಿಗೆ ಯಾಕೆ ಹೋದೆ ಅಂತ ಜನ ಕೇಳ್ತಿದಾರೆ."

ಭಾನುವಾರದ ಆರಾಧನೆಯಲ್ಲಿ ಮುಂದೆ ನಿಂತು ಎಂಟು ವರ್ಷದಿಂದ ನಡೆಸಿಕೊಂಡು ಬಂದಿದ್ದ ಹಾಡು. "ಬೇಡ ಅಂದ್ರೆ ನಡ್ಸಲ್ಲ ಅಂಕಲ್. ಆದ್ರೆ ಹಿಂದೆ ಬಂದು ಕೂತ್ಕೋತೀನಿ," ಎಂದ. ಅದು ಅವರಿಗೆ ಹಿಡಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಈಗ ಶನಿವಾರ ಬೆಳಿಗ್ಗೆ ಅಣ್ಣ ತಂಗಿ ಒಂದು ಮೇಜಿಗೆ ಕೂತು ಆ ಪತ್ರವನ್ನು ಸಾಲು ಬಿಡದೆ ಓದುತ್ತಾರೆ. ಪ್ರೇಮಮ್ಮ ಕೇಳಿಸಿಕೊಳ್ಳುತ್ತಾರೆ. ಹೆಂಗಸರು ತಲೆಯ ಮೇಲೆ ಮುಸುಕು ಹಾಕಬೇಕೆನ್ನುವ ಹನ್ನೊಂದನೆಯ ಅಧ್ಯಾಯಕ್ಕೆ ಬಂದಾಗ ಜೋರು ಜಗಳವಾಯಿತು. ಕೂಸು ಎದ್ದು ಅಳತೊಡಗಿತು. ಕರುಣಾ ಅದನ್ನು ಎತ್ತಿಕೊಂಡು ಬಂದು, ಕೆಂಪಾದ ಮುಖದಲ್ಲೇ, "ಮುಂದಿನದ್ದು ಓದು," ಎಂದಳು.