ಐದು ಸಂಜೆಯ ಡಬ್ಬಿಗಳು

ಬಟ್ಟೆ ಹೊಲಿಯುವವನಿಗೆ ಅಡುಗೆ ಏನು ಮಹಾ ಎಂದುಕೊಂಡಿದ್ದೆ. ಅಳತೆ, ಕತ್ತರಿಸುವುದು, ಬಿಸಿ. ಮೊದಲಿನ ಎರಡು ನನ್ನ ಕಸುಬು, ಮೂರನೆಯದು ಇಸ್ತ್ರಿಪೆಟ್ಟಿಗೆಯಿಂದ ಪರಿಚಯ. ಈ ಜಂಬವೇ ನನ್ನನ್ನು ಒಂದು ವಾರ ಚೆನ್ನಾಗಿ ಆಟ ಆಡಿಸಿತು.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಹನ್ನೊಂದು ವರ್ಷ ಬೆಳಗಿನ ಪಾಳಿಯಲ್ಲೇ ದುಡಿದವಳಿಗೆ ಮಕ್ಕಳ ವಾರ್ಡಿನ ಉಸ್ತುವಾರಿ ಕೊಡುತ್ತೇವೆ ಎಂದರು. ಆದರೆ ಅದು ಮಧ್ಯಾಹ್ನದ ಪಾಳಿ, ಮನೆ ಸೇರುವಾಗ ಎಂಟೂವರೆ. ಒಂದು ವಾರ ಮಾಡಿ ನೋಡಿ, ಶುಕ್ರವಾರ ಹೌದೋ ಅಲ್ಲವೋ ಹೇಳಿ ಎಂದು ಮೇಟ್ರನ್ ಗಡುವು ಕೊಟ್ಟರು. ಆ ಕೆಲಸ ಅವಳಿಗೆ ಎಷ್ಟು ಬೇಕಿತ್ತು ಎಂದು ನನಗೆ ಗೊತ್ತು. ಮಾತಿಗೆ ಜಿಪುಣಿಯಾದ ಅವಳು ಆ ವಾರ್ಡಿನ ಮಕ್ಕಳ ಸುದ್ದಿ ಎತ್ತಿದರೆ ಮಾತ್ರ ನಿಲ್ಲಿಸುವುದೇ ಇಲ್ಲ. ಆದರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ರಾತ್ರಿ ಊಟಕ್ಕೆ ಏನ್ ಮಾಡ್ತೀರಿ?"

"ನಾನಿದೀನಲ್ಲ. ನೀನು ತಲೆ ಕೆಡಿಸ್ಕೋಬೇಡ."

ಪಕ್ಕದಲ್ಲಿದ್ದ ಮಗಳು ಕಿಸಕ್ಕನೆ ನಕ್ಕಳು. ಒಂಬತ್ತು ವರ್ಷ, ಮನೆಯಲ್ಲಿ ಸೂಜಿ ಎಂದೇ ಕರೆಯುತ್ತೇವೆ. ಬಾಯಿ ಬಿಟ್ಟರೆ ಚುಚ್ಚುತ್ತಾಳೆ.

ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಭಾನುವಾರ ಕೂತು ವಾರದ ಬಟ್ಟೆಯನ್ನೆಲ್ಲ ಕತ್ತರಿಸಿ, ಗಿರಾಕಿಗೊಂದು ಗಂಟು ಕಟ್ಟುತ್ತೇನೆ. ಗುಂಡಿ, ಕೊಕ್ಕೆ, ಬಣ್ಣಕ್ಕೆ ಹೊಂದುವ ನೂಲು ಎಲ್ಲವೂ ಅದರೊಳಗೇ. ಮೆಷಿನ್ನಿನ ಮುಂದೆ ಕೂತ ಮೇಲೆ ಹುಡುಕಾಟ ಇರಬಾರದು. ಅಡುಗೆಗೂ ಅದನ್ನೇ ಮಾಡಿದೆ. ಭಾನುವಾರ ಐದು ದಿನದ ತರಕಾರಿ ಹೆಚ್ಚಿ, ಐದು ಡಬ್ಬಿಗೆ ಹಾಕಿ, ಅರಿಶಿನ, ಖಾರದ ಪುಡಿ, ಅಳತೆಯ ಉಪ್ಪು ಎಲ್ಲ ಕಲಸಿ, ವಾರದ ಹೆಸರು ಬರೆದ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟೆ. ದಿನಾ ಸಂಜೆ ಒಂದು ಡಬ್ಬಿ ಬಾಣಲೆಗೆ ಸುರಿದರೆ ಮುಗಿಯಿತು. ಜಗತ್ತಿನ ಹೆಂಗಸರಿಗೆ ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲವೋ ಎಂದು ಮನಸ್ಸಿನಲ್ಲೇ ಬೀಗಿದೆ.

ಯಾಕೆ ಹೊಳೆಯಲಿಲ್ಲ ಎಂಬುದು ಸೋಮವಾರವೇ ತಿಳಿಯತೊಡಗಿತು. ಗುಂಡಿ ಬಟ್ಟೆಯ ಜೊತೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ, ಉಪ್ಪು ತರಕಾರಿಯ ಜೊತೆ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಹುರುಳಿಕಾಯಿ ಜೋತುಬಿದ್ದಿತ್ತು. ಹೆಂಡತಿ ತಿಂದು, "ಪರವಾಗಿಲ್ಲ" ಎಂದು ಎರಡು ಲೋಟ ನೀರು ಕುಡಿದಳು. ಮಂಗಳವಾರದ ಬದನೆಕಾಯಿ ಕಪ್ಪಾಗಿ ತನ್ನದೇ ನೀರಿನಲ್ಲಿ ಮುಳುಗಿತ್ತು. ಬುಧವಾರ ಎಲೆಕೋಸನ್ನು ಎರಡು ಸಲ ತೊಳೆದು ಒದ್ದೆ ಬಟ್ಟೆಯಂತೆ ಹಿಂಡಿದೆ.

"ಅಪ್ಪ, ಅದನ್ನ ಹಗ್ಗದ ಮೇಲೆ ಒಣಗಿ ಹಾಕ್ತೀಯಾ?" ಎಂದಳು ಸೂಜಿ.

ಆ ರಾತ್ರಿ ಹೆಂಡತಿ ಅನ್ನಕ್ಕೆ ಮೊಸರು ಕಲಸಿಕೊಂಡು ಉಂಡಳು. ತಟ್ಟೆ ತೊಳೆಯುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದಳು.

"ಶುಕ್ರವಾರ ಆಗಲ್ಲ ಅಂತ ಹೇಳಿಬಿಡ್ತೀನಿ ರೀ. ಮಗು ಸರಿಯಾಗಿ ತಿಂತಿಲ್ಲ. ಇರೋ ಕೆಲಸಾನೇ ಸಾಕು."

ನನ್ನ ಮೇಲೆ ನನಗೇ ಸಿಟ್ಟು ಬಂತು. ಹನ್ನೊಂದು ವರ್ಷದ ದುಡಿಮೆಗೆ ಸಿಕ್ಕಿದ್ದನ್ನು ನನ್ನ ಒಂದು ಡಬ್ಬಿ ಎಲೆಕೋಸು ಕಿತ್ತುಕೊಳ್ಳುತ್ತಿತ್ತು.

ಗುರುವಾರ ಅಂಗಡಿಯಲ್ಲಿ ಗಿರಾಕಿ ನಿಂತಿದ್ದರೂ ನಾಳೆ ಬನ್ನಿ ಎಂದು ಕೈಮುಗಿದು, ಏಳು ಗಂಟೆಗೇ ಬಾಗಿಲು ಎಳೆದೆ. ಮನೆಗೆ ಬಂದವನೇ ಉಳಿದ ಎರಡು ಡಬ್ಬಿಗಳನ್ನೂ ಕಸದ ಬುಟ್ಟಿಗೆ ಸುರಿದೆ. ಆಮೇಲೆ ಏನು ಮಾಡುವುದೆಂದು ತೋಚದೆ ಮಗಳ ಮುಂದೆ ನಿಂತೆ.

"ಅಮ್ಮ ಹೇಗ್ ಮಾಡ್ತಾಳೆ, ಹೇಳಮ್ಮ."

ಸೂಜಿ ಪುಸ್ತಕ ಮುಚ್ಚಿ ಅಡುಗೆಕಟ್ಟೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. "ಅಮ್ಮ ಮೊದಲೇ ಏನೂ ಹೆಚ್ಚಿಡಲ್ಲ. ಬಂದ ತಕ್ಷಣ ಅಕ್ಕಿ, ಹೆಸರುಬೇಳೆ ತೊಳೆದು ಕುಕ್ಕರಿಗೆ ಹಾಕ್ತಾಳೆ. ಅದು ಕೂಗೋದ್ರೊಳಗೆ ಮಿಕ್ಕಿದ್ದೆಲ್ಲ."

ಹಾಗೇ ಮಾಡಿದೆ. ಅಕ್ಕಿ, ಬೇಳೆ, ಅರಿಶಿನ ಕುಕ್ಕರಿಗೆ ಹೋದವು. ಮೊದಲ ಕೂಗಿಗೆ ಈರುಳ್ಳಿ ಹೆಚ್ಚಿ ಮುಗಿಯಿತು, ಎರಡನೆಯದಕ್ಕೆ ಟೊಮೆಟೊ, ನಾಲ್ಕನೆಯದಕ್ಕೆ ಒಲೆ ಆರಿಸಿದೆ. ಬಾಣಲೆಯಲ್ಲಿ ತುಪ್ಪ, ಜೀರಿಗೆ, ಹಸಿಮೆಣಸು, ಶುಂಠಿ. ಟೊಮೆಟೊ ಕರಗಿದ ಮೇಲೆ ಎಲ್ಲವನ್ನೂ ಸೇರಿಸಿ, ಕೊನೆಯಲ್ಲಿ ಮಗಳನ್ನು ಕೇಳಿ ಉಪ್ಪು ಹಾಕಿದೆ. ಗಡಿಯಾರದಲ್ಲಿ ಎಂಟಾಗಲು ಐದು ನಿಮಿಷ. ಮನೆಯೆಲ್ಲ ಘಮಘಮ.

ಎಂಟೂವರೆಗೆ ಹೆಂಡತಿ ಬಂದಳು. ಕೈಕಾಲು ತೊಳೆದು ಕೂತು, ಮೊದಲ ತುತ್ತು ಬಾಯಿಗಿಟ್ಟಳು. ತಟ್ಟೆ ಖಾಲಿ ಮಾಡಿದಳು. ಎರಡನೇ ಸಲ ಬಡಿಸಿಕೊಂಡಳು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ನೋಡಿದರೆ ಅವಳ ಕಣ್ಣಲ್ಲಿ ನೀರು.

"ಖಾರ ಆಯ್ತಾ?"

"ಇಲ್ಲ ರೀ. ಚೆನ್ನಾಗಿದೆ. ಅದಕ್ಕೇ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಜ ಹೇಳ್ಲಾ? ಈ ಮೂರು ದಿನ ನೀವು ಕೆಡಿಸಿದಾಗೆಲ್ಲ ನಂಗೆ ಒಂಥರಾ ಸಮಾಧಾನ ಆಗ್ತಿತ್ತು. ನಾನಿಲ್ಲದಿದ್ರೆ ಮನೆ ನಡೆಯಲ್ಲ ಅಂತ. ಇವತ್ತು ನೋಡಿ, ನಡೆದೇಬಿಡ್ತು."

ಇಷ್ಟು ವರ್ಷ ಜೊತೆಗಿದ್ದು ಅವಳ ಮನಸ್ಸಿನಲ್ಲಿ ಈ ಭಯ ಇದೆಯೆಂದು ನನಗೆ ತಿಳಿದಿರಲಿಲ್ಲ.

"ಎಲ್ಲಿ ನಡೀತು?" ಎಂದಳು ಸೂಜಿ, ಬಾಯಿ ತುಂಬ ಅನ್ನ ಇಟ್ಟುಕೊಂಡು. "ಎಂಟು ಗಂಟೆಗೇ ಎಲ್ಲಾ ಆಗಿತ್ತು. ನಂಗೆ ಹೊಟ್ಟೆ ಚುರುಗುಟ್ತಿತ್ತು. ಅಮ್ಮ ಬರ್ಲಿ, ಅಮ್ಮ ಬರ್ಲಿ ಅಂತ ಅಪ್ಪ ತಟ್ಟೇನೇ ಇಡ್ಲಿಲ್ಲ."

ಹೆಂಡತಿ ನನ್ನ ಕಡೆ ನೋಡಿದಳು. ಅಳುತ್ತಲೇ ನಕ್ಕಳು.

"ಮಗೂನ ಹಸಿವಲ್ಲಿ ಕೂರಿಸ್ತಾರಾ? ನಾಳೆಯಿಂದ ಅವಳಿಗೆ ಎಂಟಕ್ಕೇ ಬಡಿಸಿ."

"ಆಯ್ತು," ಎಂದೆ. "ನಾನು ಕಾಯ್ತೀನಿ. ನೀನು ನಾಳೆ ಹೋಗಿ ಹೌದು ಅಂತ ಹೇಳಿ ಬಾ."

ಹೇಳಿ ಬಂದಳು. ಈಗ ಮಗಳು ಎಂಟಕ್ಕೆ ಉಂಡು ಓದಲು ಹೋಗುತ್ತಾಳೆ, ಎಂಟೂವರೆಗೆ ನಾವಿಬ್ಬರೇ ಕೂರುತ್ತೇವೆ. ಅವಳು ವಾರ್ಡಿನ ಮಕ್ಕಳ ಸುದ್ದಿ ಹೇಳುತ್ತಾಳೆ, ನಾನು ಬಡಿಸುತ್ತೇನೆ. ಮದುವೆಯಾಗಿ ಇಷ್ಟು ವರ್ಷ ಅವಳು ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿದ್ದದ್ದೇ ಈಗ.