ಒರೆಸುವ ಬಟ್ಟೆಯ ಗುಲಾಬಿ

ನೆಲ ಒರೆಸುವ ಬಟ್ಟೆಯ ಮೂಲೆಯಲ್ಲಿ ಗುಲಾಬಿ ಅರಳಿದ್ದನ್ನು ಕಂಡ ದಿನ ಪರದೆಯಕ್ಕನ ತಾಳ್ಮೆ ಪೂರ್ತಿ ಮುಗಿಯಿತು. ದಿಂಬಿಗೆ ಹಾಕಲಿ, ಬೇಡ ಅಂದವರು ಯಾರು? ಮೇಜಿನ ಮೇಲಿನ ಬಟ್ಟೆಗೆ ಹಾಕಲಿ, ಕುರ್ಚಿಯ ಬೆನ್ನಿಗೆ ಹಾಕಲಿ, ಅದನ್ನೂ ಸಹಿಸಿಕೊಂಡಾಗಿತ್ತು. ಆದರೆ ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮಂಚದ ಕೆಳಗಿನ ದೂಳಿಗೆ ತಳ್ಳುವ ಹರಕು ಬಟ್ಟೆಗೂ ಹೂವೇ? ಅದಕ್ಕೆ ಹಸಿರು ಎಲೆ ಬೇರೆ ಕೇಡು.

"ಏನ್ರೀ ಇದು?" ಎಂದು ಬಟ್ಟೆಯನ್ನು ಗಂಡನ ಮೂಗಿನ ಮುಂದೆ ಹಿಡಿದಳು.

"ಗುಲಾಬಿ."

"ಗುಲಾಬಿ ಅಂತ ನನಗೂ ಕಾಣ್ತಿದೆ. ಇದು ಯಾವ ಬಟ್ಟೆ ಅಂತ ನಿಮಗೆ ಕಾಣ್ಲಿಲ್ವಾ?"

"ಒಗೆದು ಮಡಚಿಟ್ಟಿದ್ದೆಯಲ್ಲ, ಚೆನ್ನಾಗೇ ಇತ್ತು. ಏನೋ ಖಾಲಿ ಖಾಲಿ ಕಾಣ್ತು," ಎಂದು ಅವನು ಕಿಟಕಿಯ ಕಡೆ ನೋಡಿದ.

ಪರದೆಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅವಳು ಸುತ್ತಮುತ್ತಲ ಮನೆಗಳಿಗೆಲ್ಲ ಕಿಟಕಿ ಪರದೆ, ದಿಂಬಿನ ಚೀಲ, ಸೋಫಾದ ಹೊದಿಕೆ ಹೊಲಿದುಕೊಡುತ್ತಿದ್ದಳು. ಗಂಡನದು ಬೀದಿಯ ಕೊನೆಯಲ್ಲಿ ಸಲೂನು. ಅವನೂ ಅವನ ತಮ್ಮನೂ ಸೇರಿ ನಡೆಸುತ್ತಿದ್ದರು. ಕತ್ತಿ ಹಿಡಿದರೆ ಅವನ ಕೈ ಹೂವಿನಷ್ಟು ಹಗುರ ಎಂದು ಗಿರಾಕಿಗಳು ಹೇಳುತ್ತಿದ್ದರು. ಅಂಥ ಕೈಗೆ ಕಳೆದ ವರ್ಷ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಬೇಗ ಸುಧಾರಿಸಿತು, ಬಲಗೈ ಮಾತ್ರ ಹಟ ಹಿಡಿದು ಕೂತಿತು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿ, ರಬ್ಬರ್ ಚೆಂಡು ಹಿಸುಕಿಸಿ, ಅಂತೂ ಆ ಕೈ ಲೋಟ ಹಿಡಿಯಿತು, ಚಮಚ ಎತ್ತಿತು, ಬಾಗಿಲ ಚಿಲಕ ತೆಗೆಯಿತು. ಬೆರಳ ತುದಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ. ಆಸ್ಪತ್ರೆಯಲ್ಲಿ ಕೈ ಕಸರತ್ತು ಮಾಡಿಸುತ್ತಿದ್ದಾಕೆ ಕೊನೆಗೆ ಹೇಳಿದ್ದಳು: "ಮನೆಯಲ್ಲಿ ಸೂಜಿ ದಾರ ಇದೆಯಲ್ಲ, ಕಸೂತಿ ಹಾಕಿಸಿ. ಸಣ್ಣ ಕೆಲಸ ಮಾಡ್ತಾ ಮಾಡ್ತಾ ಬೆರಳು ದಾರಿಗೆ ಬರುತ್ತೆ."

ಬಂತು ಕೂಡ. ನಡುಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ಯಾರಾದರೂ ನೋಡುತ್ತಿದ್ದರೆ ಕೈ ಓಡುವುದಿಲ್ಲ ಎಂದು ಸಂಕೋಚಪಟ್ಟುಕೊಂಡು, ಅವನು ಒಂದು ದಿಂಬಿನ ಚೀಲದ ಮೇಲೆ ನೀಲಿ ಹೂವು ಹಾಕಿ ತಂದುಕೊಟ್ಟ. ಹೂವು ಸೊಟ್ಟಗಿತ್ತು, ಒಂದು ದಳ ಇನ್ನೊಂದರ ಮೇಲೆ ಹತ್ತಿ ಕೂತಿತ್ತು. ಆದರೂ ಪರದೆಯಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಚೀಲವನ್ನು ಎದೆಗವಚಿಕೊಂಡು ಎದುರುಮನೆಗೆ ಹೋದಳು, ಪಕ್ಕದ ಮನೆಗೆ ಹೋದಳು, ಸಲೂನಿಗೂ ಹೋಗಿ ಕನ್ನಡಿಯ ಮುಂದೆ ಹಿಡಿದು ಮೈದುನನಿಗೆ ತೋರಿಸಿದಳು. ಕೈ ಬಂತು, ನಮ್ಮೆಜಮಾನರ ಕೈ ಬಂತು ಎಂದು ಊರಿಗೆಲ್ಲ ಡಂಗುರ ಹೊಡೆದಳು.

ಕೈ ಬಂದ ಮನುಷ್ಯ ಅಂಗಡಿಗೆ ಹೋಗಬೇಕೋ ಬೇಡವೋ? ಇವನು ಹೋಗಲಿಲ್ಲ. ಇನ್ನೊಂದು ದಿಂಬು ಆಗಲಿ ಎಂದ. ಆಯಿತು. ಜೋಡಿಗೆ ಮೇಜಿನ ಬಟ್ಟೆ ಇರಲಿ ಎಂದ. ಅದೂ ಆಯಿತು. ಆಮೇಲೆ ಹೊಲಿಗೆ ಯಂತ್ರದ ಹೊದಿಕೆ, ಕನ್ನಡಿಯ ಹೊದಿಕೆ, ಕೊಡೆಯ ಚೀಲ, ಫ್ರಿಜ್ಜಿನ ಹಿಡಿಕೆಗೊಂದು ಅಂಗಿ. ಹೂವು ಮಾತ್ರ ದಿನದಿಂದ ದಿನಕ್ಕೆ ಚೆಂದವಾಗುತ್ತಿತ್ತು, ಅದೇ ಅವಳ ಸಂಕಟ. ಇಷ್ಟು ನಯವಾಗಿ ಸೂಜಿ ಓಡಿಸುವ ಕೈ ಕತ್ತರಿ ಹಿಡಿಯಲಾರದೇ? ಒಂದು ಸಲ ಗಿರಾಕಿಯೊಬ್ಬರ ಅಚ್ಚ ಬಿಳಿ ಪರದೆಯ ಅಂಚಿಗೆ ಗಿಣಿಯನ್ನು ಕೂರಿಸಿಬಿಟ್ಟಿದ್ದ. ಕೇಳಿದರೆ, "ಅವರಿಗೆ ಗಿಣಿ ಆಗಲ್ವಾ?" ಎಂದು ಇವಳನ್ನೇ ಕೇಳಿದ. ಅದನ್ನು ಬಿಚ್ಚುವಷ್ಟರಲ್ಲಿ ಅವಳ ಕಣ್ಣು ಸೋತು, ನಾಲಿಗೆ ಹರಿತವಾಗಿತ್ತು. ಬೆಳಿಗ್ಗೆ ಎದ್ದರೆ ಬೈಗಳು, ಮಲಗುವ ಮುಂಚೆ ಬೈಗಳು. ಅವನಿಗೋ, ಒಂದೂ ತಾಗುತ್ತಿರಲಿಲ್ಲ. ಬೈಸಿಕೊಂಡು ಮೀಸೆಯಡಿ ನಗುತ್ತಿದ್ದ. ಅದನ್ನು ನೋಡಿ ಅವಳ ಮೈ ಇನ್ನಷ್ಟು ಉರಿಯುತ್ತಿತ್ತು.

ಒರೆಸುವ ಬಟ್ಟೆಯ ಗುಲಾಬಿ ನೋಡಿದ ಮೇಲೆ ಅವಳು ಇನ್ನು ಇವನನ್ನು ಕೇಳುತ್ತ ಕೂರುವುದಿಲ್ಲ ಎಂದು ತೀರ್ಮಾನಿಸಿದಳು. ನೇರವಾಗಿ ಮೈದುನನಿಗೆ ಫೋನು ಹಚ್ಚಿದಳು.

"ಸೋಮವಾರದಿಂದ ನಿಮ್ಮಣ್ಣ ಬರ್ತಾರೆ. ಅವರ ಕುರ್ಚಿ ಒರೆಸಿಡಪ್ಪ."

"ನಿಜವಾ ಅತ್ತಿಗೆ? ಹಳೇ ಮೇಷ್ಟ್ರಿಗೆ ಹೇಳ್ಬಿಡ್ಲಾ? ಅವರು ನನ್ನ ಕೈಲಿ ಗಡ್ಡ ಮಾಡಿಸ್ಕೊಳ್ಳೋದೇ ಇಲ್ಲ. ಅಣ್ಣ ಬರ್ಲಿ ಅಂತ ಬೆಳೆಸ್ಕೊಂಡು ಕೂತಿದ್ದಾರೆ."

"ಹೇಳು. ಅವರೇ ಮೊದಲನೇ ಗಿರಾಕಿ ಆಗ್ಲಿ."

ಗಂಡ ಇದನ್ನೆಲ್ಲ ಕೇಳಿಸಿಕೊಂಡ. ಮುಖದ ಬಣ್ಣ ಸ್ವಲ್ಪ ಇಳಿಯಿತು.

"ಮಂಚದ ಹೊದಿಕೆ ಅರ್ಧಕ್ಕೆ ನಿಂತಿದೆ ಕಣೇ," ಎಂದ. "ಸುತ್ತ ಬಳ್ಳಿ ಬಂದ್ಬಿಡ್ಲಿ. ಆಮೇಲೆ ಹೋಗ್ತೀನಿ."

"ಆ ಬಳ್ಳಿ ಮುಗಿದ್ರೆ ಹೋಗ್ತೀರಿ ತಾನೇ?"

"ಹೋಗದೆ ಏನು."

"ಬೇರೆ ನೆಪ ತೆಗೆಯಲ್ಲ?"

"ಇಲ್ಲ ಅಂದ್ನಲ್ಲ," ಎಂದವನೇ ಚಪ್ಪಲಿ ಮೆಟ್ಟಿಕೊಂಡು ಸಂಜೆಯ ಓಡಾಟಕ್ಕೆ ಹೊರಟುಬಿಟ್ಟ.

ಸರಿ, ಮಾತು ಸಿಕ್ಕಿತು. ಈ ಮನುಷ್ಯನ ಕೈಗೆ ಬಿಟ್ಟರೆ ಬಳ್ಳಿ ಮುಗಿಯುವುದಿಲ್ಲ, ಮುಗಿದರೂ ಅದಕ್ಕೆ ಕಾಯಿ ಬಿಡಿಸುತ್ತಾನೆ, ಕಾಯಿ ತಿನ್ನಲು ಅಳಿಲನ್ನು ಕರೆಸುತ್ತಾನೆ. ತಾನೇ ಕೂತು ಮುಗಿಸಿ ಎದುರಿಗಿಟ್ಟರೆ ಆಗ ಏನು ಹೇಳುತ್ತಾನೋ ನೋಡೋಣ ಎಂದುಕೊಂಡು ಪರದೆಯಕ್ಕ ನಡುಕೋಣೆಗೆ ಹೋದಳು. ಹೊದಿಕೆಯನ್ನು ತೊಡೆಯ ಮೇಲೆ ಹರಡಿ, ಅವನು ಬಿಟ್ಟ ಕಡೆಯಿಂದ ಸೂಜಿ ಎತ್ತಿಕೊಂಡಳು.

ಬಳ್ಳಿಯ ದಂಟಿಗೆ ಅವನು ಹಾಕಿದ್ದು ಎಲ್ಲರಿಗೂ ಬರುವ ಹೊಲಿಗೆಯೇ. ಒಂದು ಎಳೆಯ ಪಕ್ಕಕ್ಕೆ ಇನ್ನೊಂದು ಎಳೆ ಓರೆಯಾಗಿ ಬೀಳುತ್ತ ಹೋಗುತ್ತದೆ, ಮುಗಿದ ಮೇಲೆ ಹೊಸೆದ ಹಗ್ಗದಂತೆ ಕಾಣುತ್ತದೆ. ಅವಳಿಗೆ ಅದು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಗೇಣುದ್ದ ಹಾಕಿ ನೋಡಿದಳು. ಕೂಡಿಕೊಳ್ಳಲಿಲ್ಲ. ಅವನ ಹಗ್ಗದ ಹುರಿ ಒಂದು ಕಡೆ ವಾಲಿದ್ದರೆ ಇವಳದು ಇನ್ನೊಂದು ಕಡೆ ವಾಲಿತ್ತು. ಸೇರಿದ ಜಾಗದಲ್ಲಿ ಬಳ್ಳಿ ಮುರಿದುಬಿದ್ದಂತೆ ಕಂಡಿತು.

"ಇದನ್ನೂ ನೆಟ್ಟಗೆ ಮಾಡಿಲ್ಲ," ಎಂದು ಗೊಣಗಿಕೊಂಡು ಬಿಚ್ಚಿದಳು. ಅವನು ಆ ತುದಿಯಿಂದ ಶುರು ಮಾಡಿರಬೇಕು ಎಂದು ಹೊದಿಕೆಯನ್ನು ತಿರುಗಿಸಿ ತಲೆಕೆಳಗು ಮಾಡಿದಳು. ಹಗ್ಗವನ್ನು ತಲೆಕೆಳಗು ಹಿಡಿದರೆ ಹುರಿ ಬದಲಾಗುತ್ತದೆಯೇ? ಅದು ಹಾಗೇ ಇತ್ತು. ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು. ತಲೆ ಚಿಟ್ಟು ಹಿಡಿಯಿತು.

ಆಗ ಅವಳಿಗೆ ಹೊಲಿಗೆ ಕಲಿಯುವಾಗಿನ ಒಂದು ಸಂಗತಿ ನೆನಪಿಗೆ ಬಂತು. ತಾನೂ ಇನ್ನೊಬ್ಬ ಹುಡುಗಿಯೂ ಎದುರುಬದುರು ಕೂತು ಒಂದೇ ಮೇಜಿನ ಬಟ್ಟೆಗೆ ಆ ಕಡೆಯಿಂದೊಬ್ಬರು ಈ ಕಡೆಯಿಂದೊಬ್ಬರು ಅಂಚು ಹಾಕಿದ್ದರು. ನಡುವೆ ಬಂದು ಸೇರಿದಾಗ ಹೀಗೇ ಆಗಿತ್ತು, ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡ ಹೊಲಿಗೆ. ಕಲಿಸುವ ಟೀಚರು ಬಂದು ನೋಡಿ ನಕ್ಕಿದ್ದರು. ಆ ಹುಡುಗಿ ಎಡಚಿ.

ಪರದೆಯಕ್ಕ ಸೂಜಿಯನ್ನು ಎಡಗೈಗೆ ತೆಗೆದುಕೊಂಡಳು. ಬೆರಳು ತಡವರಿಸಿತು, ಒಂದು ಸಲ ಚುಚ್ಚಿಕೊಂಡಳು. ಬಲದಿಂದ ಎಡಕ್ಕೆ, ನಿಧಾನವಾಗಿ, ಒಂದು, ಇನ್ನೊಂದು, ಮತ್ತೊಂದು. ಹುರಿ ಕೂಡಿಕೊಂಡಿತು. ಎಲ್ಲಿ ಅವನದು ಮುಗಿಯಿತು, ಎಲ್ಲಿ ಇವಳದು ಶುರುವಾಯಿತು ಎಂದು ಗೊತ್ತಾಗದ ಹಾಗೆ ಕೂಡಿಕೊಂಡಿತು.

ಅವಳು ಎದ್ದು ಹೋಗಿ ಮೇಜಿನ ಬಟ್ಟೆ ನೋಡಿದಳು, ಕನ್ನಡಿಯ ಹೊದಿಕೆ ನೋಡಿದಳು, ಎದೆಗವಚಿಕೊಂಡು ಬೀದಿ ಸುತ್ತಿದ್ದ ಆ ನೀಲಿ ಹೂವಿನ ದಂಟನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಮನೆ ತುಂಬ ಅರಳಿದ್ದ ಹೂವಿನಲ್ಲಿ ಒಂದನ್ನೂ ಬಲಗೈ ಮುಟ್ಟಿರಲಿಲ್ಲ. ಆ ಕೈಗೆ ತಾನು ಸೋಮವಾರ ಕತ್ತಿ ಕೊಡಿಸಲು ಹೊರಟಿದ್ದೆ, ಮೇಷ್ಟ್ರ ಕುತ್ತಿಗೆಯ ಮೇಲೆ, ಎಂದು ಹೊಳೆದಾಗ ಅವಳು ನಡುಕೋಣೆಗೆ ಮರಳಿ ಹೊದಿಕೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಕೂತಳು.

ಗಂಡ ಬಂದಾಗ ಹೊದಿಕೆ ಅವಳ ತೊಡೆಯ ಮೇಲಿತ್ತು. ಸೂಜಿ ಎಡಗೈಯಲ್ಲೇ ಇತ್ತು. ಅವನು ಅದನ್ನು ನೋಡಿದ, ಹೊದಿಕೆಯನ್ನೂ ನೋಡಿದ, ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತ.

"ಯಾಕ್ರೀ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಇದ್ದೆ," ಎಂದ. "ಮೊದಲು ಬಲಗೈಲೇ ಹಿಡಿದು ನೋಡ್ದೆ. ಸೂಜಿ ಇದೆಯೋ ಬಿದ್ದುಹೋಯ್ತೋ, ಅದೇ ಗೊತ್ತಾಗ್ತಿರ್ಲಿಲ್ಲ. ಸುಮ್ನೆ ಕೂರೋದು ಯಾಕೆ ಅಂತ ಎಡಗೈಲಿ ಹಾಕ್ದೆ. ನೀನು ಅದನ್ನ ಕಿತ್ಕೊಂಡು ಬೀದಿಗೇ ಓಡಿದೆ. ವಾಪಸ್ ಬಂದಾಗ ನಗ್ತಿದ್ದೆ. ಹೇಗೆ ಹೇಳ್ಲಿ?"

"ಆಮೇಲಾದ್ರೂ?"

ಅವನು ಬಂದು ಮಂಚದ ತುದಿಯಲ್ಲಿ ಕೂತ. ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ಆಮೇಲೆ ನೀನು ಬೈಯೋಕೆ ಶುರು ಮಾಡ್ದೆ. ಆಸ್ಪತ್ರೆಯಿಂದ ಬಂದ್ಮೇಲೆ ನೀನು ನನ್ನ ಬೈದೇ ಇರ್ಲಿಲ್ಲ, ಗೊತ್ತಾ ನಿಂಗೆ? ಲೋಟ ಬೀಳಿಸಿದ್ರೂ 'ಪರವಾಗಿಲ್ಲ ಬಿಡಿ' ಅಂತಿದ್ದೆ. ಅಂಗಿಗೆ ಚೆಲ್ಕೊಂಡ್ರೂ 'ಪರವಾಗಿಲ್ಲ ಬಿಡಿ'. ಅದನ್ನ ಕೇಳಿ ಕೇಳಿ ನಾನು ಸತ್ತೇಹೋಗಿದ್ದೆ. ಹೂವು ಹಾಕೋಕೆ ಶುರು ಮಾಡಿದ್ಮೇಲೆ ನೋಡು, ಮೊದಲಿನ ಹಾಗೇ ಬೈದೆ. ಎರಡೂ ಕೈ ನೆಟ್ಟಗಿರೋ ಗಂಡನ್ನ ಬೈಯೋ ಹಾಗೆ."

ಪರದೆಯಕ್ಕ ಏನು ಹೇಳಲು ಹೋದರೂ ಬಾಯಿಗೆ ಬರುತ್ತಿದ್ದುದು ಅದೇ ಹಾಳು ಮಾತು, ಪರವಾಗಿಲ್ಲ ಬಿಡಿ. ಅದನ್ನು ನುಂಗಿಕೊಂಡು ಫೋನು ತೆಗೆದುಕೊಂಡಳು. ಅವನ ಎದುರಿಗೇ, ದನಿ ತಗ್ಗಿಸದೆ, ಮೈದುನನಿಗೆ ಹೇಳಿದಳು.

"ಸೋಮವಾರ ಅಣ್ಣ ಬರಲ್ಲಪ್ಪ. ಕೈ ಇನ್ನೂ ಬಂದಿಲ್ಲ. ಹೌದು, ನಾನೇ ಹೇಳಿದ್ದೆ, ತಪ್ಪು ತಿಳ್ಕೊಂಡಿದ್ದೆ. ಮೇಷ್ಟ್ರಿಗೆ ನೀನೇ ಗಡ್ಡ ಮಾಡು, ಒಲ್ಲೆ ಅಂದ್ರೆ ಬೆಳೆಸ್ಕೊಳ್ಳಲಿ."

ಫೋನು ಕೆಳಗಿಟ್ಟು ಗಂಡನ ಬಲಗೈಯನ್ನು ಎಳೆದುಕೊಂಡಳು. ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದು ನಡುವೆ ಸೂಜಿ ಸಿಕ್ಕಿಸಿದಳು. ಬಿಟ್ಟಳು. ಸೂಜಿ ಬಿತ್ತು. ಎತ್ತಿ ಮತ್ತೆ ಸಿಕ್ಕಿಸಿದಳು. ಅದು ಅವನ ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು. ಅವನು ಅವಳ ಮುಖವನ್ನೇ ನೋಡುತ್ತ ಕಾದ.

"ಏನ್ರೀ ಇದು, ಊಟ ಮಾಡಿಲ್ವಾ ನೀವು?" ಎಂದಳು ಪರದೆಯಕ್ಕ. "ಇಷ್ಟು ದಿನ ಈ ಕೈಯನ್ನ ಮೆರವಣಿಗೆ ನೋಡೋಕೆ ಕೂರಿಸಿದ್ರಾ? ಎಡಗೈ ದುಡಿದು ಸಾಯ್ಬೇಕು, ಇದು ಮಾತ್ರ ಮಡಿಲಲ್ಲಿ ಯಜಮಾನ್ರ ಹಾಗೆ ಮಲಗಿರ್ಬೇಕು. ಸೋಮಾರಿತನಕ್ಕೂ ಒಂದು ಮಿತಿ ಬೇಡವಾ? ನಾಳೆಯಿಂದ ನನ್ನೆದುರಿಗೇ ಕೂರ್ಬೇಕು. ಎಡಗೈ ಸೂಜಿ ಹತ್ರ ಬಂತೋ, ನೋಡಿ ಮತ್ತೆ."

ಅವನ ಮೀಸೆ ಅಲುಗಿತು.

ಅವಳು ಮೊಣಕಾಲೂರಿ ಮಂಚದ ಕೆಳಗೆ ಕೈಯಾಡಿಸಿ ಸೂಜಿ ಹುಡುಕತೊಡಗಿದಳು. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಆದರೂ ಬೈಯುವುದನ್ನು ನಿಲ್ಲಿಸಲಿಲ್ಲ. ಒಂದು ಗಳಿಗೆ ಸುಮ್ಮನಾದರೆ ಅವನಿಗೆ ಗೊತ್ತಾಗಿಬಿಡುತ್ತಿತ್ತು.