ನದಿಗೆ ರಜೆ, ಮನೆಗೆ ಮೆಟ್ಟಿಲು

ನಮ್ಮ ಮನೆಯ ಮೆಟ್ಟಿಲು ಹತ್ತಿದವರು ಎಲ್ಲಿಗೂ ತಲುಪುತ್ತಿರಲಿಲ್ಲ. ಅಡುಗೆಮನೆಯ ಮೂಲೆಯಿಂದ ಹೊರಟು, ಗೋಡೆಯ ಪಕ್ಕದಲ್ಲಿ ಚೆಂದವಾಗಿ ಒಂದು ತಿರುವು ತೆಗೆದುಕೊಂಡು, ಮೇಲಿನ ಕೋಣೆಗೆ ಇನ್ನೂ ಆಳೆತ್ತರ ಬಾಕಿ ಇರುವಾಗ ಅದು ನಿಂತುಬಿಡುತ್ತಿತ್ತು. ಆ ಕೊನೆಯ ಹಲಗೆಯ ಮೇಲೆ ನಮ್ಮ ಬೆಕ್ಕು ಕೂತು, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ, ನಮ್ಮನ್ನೆಲ್ಲ ಕೀಳಾಗಿ ನೋಡುತ್ತಿತ್ತು.

ನಮ್ಮ ಯಜಮಾನರು ಬಡಗಿ. ಊರಿನಲ್ಲಿ ನೀವು ಯಾರ ಮನೆಯ ಮೆಟ್ಟಿಲು ತುಳಿದರೂ ಅದು ಅವರ ಕೈಕೆಲಸವೇ ಆಗಿರುತ್ತದೆ. ಕಿರ್ ಅನ್ನುವುದಿಲ್ಲ, ಅಲುಗಾಡುವುದಿಲ್ಲ. ಮನೆಯ ಮೆಟ್ಟಿಲಿನ ಮಾತೆತ್ತಿದರೆ ಮಾತ್ರ ಅವರದು ಒಂದೇ ಉತ್ತರ.

“ನದಿ ರಜೆ ಬರ್ಲಿ ಕಣೇ, ಮುಗಿಸಿಬಿಡ್ತೀನಿ.”

ಮೀನು ಮೊಟ್ಟೆಯಿಡುವ ಕಾಲದಲ್ಲಿ ಯಾರೂ ನದಿಗೆ ಗಾಳ ಹಾಕಬಾರದು ಅನ್ನುವ ನಿಯಮ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದನ್ನೇ ಎಲ್ಲರೂ ನದಿ ರಜೆ ಅನ್ನುವುದು. ಉಳಿದ ಕಾಲವೆಲ್ಲ ನಮ್ಮ ಯಜಮಾನರು ಉಳಿ ಕೆಳಗಿಟ್ಟ ತಕ್ಷಣ ಗಾಳದ ಕೋಲು ಹೆಗಲಿಗೇರಿಸುವವರು. ಮೀನು ಹಿಡಿದು ತಂದದ್ದನ್ನು ನಾನು ಕಂಡಿಲ್ಲ, ಏಕೆಂದರೆ ಅವರ ಗಾಳದವರ ಸಂಘದಲ್ಲಿ ಹಿಡಿದ ಮೀನನ್ನು ವಾಪಸು ನದಿಗೆ ಬಿಡುವುದೇ ಪದ್ಧತಿ. ಸಂಜೆಯೆಲ್ಲ ಕೂತು ಹಿಡಿದು, ಮುತ್ತಿಕ್ಕಿ ಬಿಟ್ಟು ಬರುವ ಈ ಕೆಲಸಕ್ಕೆ ಏನು ಹೇಳಬೇಕೋ ನನಗೆ ತಿಳಿಯುತ್ತಿರಲಿಲ್ಲ. ರಜೆ ಬಂದಾಗ ಮಾತ್ರ ಮನೆಯಲ್ಲಿ ಗರಗಸದ ಸದ್ದು ಕೇಳುತ್ತಿತ್ತು. ಮೆಟ್ಟಿಲು ಒಂದಿಷ್ಟು ಬೆಳೆಯುತ್ತಿತ್ತು. ರಜೆ ಮುಗಿದ ದಿನ ಸುತ್ತಿಗೆ ಎಲ್ಲಿತ್ತೋ ಅಲ್ಲೇ ಬಿದ್ದಿರುತ್ತಿತ್ತು.

ನನಗೆ ಆ ಮೇಲಿನ ಕೋಣೆ ಬೇಕಿತ್ತು. ನಾನು ಹೊಲಿಗೆಯವಳು. ನನ್ನ ಮಷೀನು ಒಲೆಗೂ ಪಾತ್ರೆ ತೊಳೆಯುವ ಕಟ್ಟೆಗೂ ಮಧ್ಯೆ ಸಿಕ್ಕಿಹಾಕಿಕೊಂಡಿತ್ತು. ಅಳತೆ ಟೇಪು ಒಂದು ಸಲ ಸಾರಿನೊಳಗೆ ಬಿದ್ದು ಬೆಂದೂ ಹೋಗಿತ್ತು. ಸಂಘದ ಅಧ್ಯಕ್ಷರಾದ ಮೇಷ್ಟ್ರು ನನ್ನಲ್ಲಿ ಒಂದು ಕೋಟು ಹೊಲಿಸಿಕೊಂಡಿದ್ದರು. ತೊಟ್ಟು ನೋಡಿ, ತೋಳು ಎತ್ತಿ ಇಳಿಸಿ, ಆಮೇಲೆ ಮೆಲ್ಲಗೆ ಮೂಗಿಗೆ ಹಿಡಿದರು.

“ಅಳತೆ ಬಹಳ ಚೆನ್ನಾಗಿದೆ ತಾಯಿ. ಆದ್ರೆ ಇದನ್ನ ಹಾಕ್ಕೊಂಡ್ರೆ ಹಸಿವಾಗುತ್ತೆ.”

ಹುರಿದ ಈರುಳ್ಳಿಯ ವಾಸನೆ. ನಾನು ನಾಚಿಕೆಯಿಂದ ಕುಗ್ಗಿಹೋದೆ. ಆ ಸಂಜೆಯೇ ಯಜಮಾನರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಈ ಸಲದ ರಜೆಯಲ್ಲಿ ಮೆಟ್ಟಿಲು ಮುಗಿಯದಿದ್ದರೆ ಮಷೀನನ್ನು ಅವರ ಹಾಸಿಗೆಯ ಮೇಲೆ ಇಡುತ್ತೇನೆಂದು ಹೇಳಿದೆ. ಅವರು ತಲೆ ಕೆರೆದುಕೊಂಡರು.

“ಈ ಸಲ ರಜೆ ಇರುತ್ತೋ ಇಲ್ವೋ ಕಣೇ. ತೆಗೆದುಹಾಕ್ಬೇಕು ಅಂತ ಸಂಘದಲ್ಲಿ ಮಾತು ಎದ್ದಿದೆ. ಓಟಿಗೆ ಹಾಕ್ತಾರೆ.”

ರಜೆ ಹೋದರೆ ನನ್ನ ಮೆಟ್ಟಿಲು ಹೋದಂತೆ. ಇನ್ನು ಬೆಕ್ಕು ಒಂದೇ ಅದನ್ನು ಅನುಭವಿಸಬೇಕು.

“ನಾನೂ ಓಟು ಹಾಕ್ತೀನಿ,” ಅಂದೆ.

ಅವರು ಹೊಟ್ಟೆ ಹಿಡಿದು ನಕ್ಕರು. ಸಂಘದ ಸದಸ್ಯರಾಗಬೇಕಾದರೆ ಇನ್ನೊಬ್ಬ ಸದಸ್ಯರ ಕಣ್ಣೆದುರು ಸ್ವಂತ ಕೈಯಿಂದ ಒಂದು ಮೀನು ಹಿಡಿದು, ಅದನ್ನು ಜೀವಂತ ಬಿಡಬೇಕಂತೆ. ನನಗೋ ಎರೆಹುಳು ಕಂಡರೆ ಮೈ ಜುಮ್ಮೆನ್ನುತ್ತದೆ. ಆದರೆ ಅವರು ನಕ್ಕ ರೀತಿ ನೋಡಿ ನನಗೆ ಎಲ್ಲಿಲ್ಲದ ಹಟ ಬಂತು. ಮಾರನೆಯ ಸಂಜೆ ಅವರ ಹಿಂದೆಯೇ ನದಿಗೆ ಹೊರಟೆ.

ಮೊದಮೊದಲು ನನ್ನ ಗಾಳಕ್ಕೆ ಸಿಕ್ಕಿದ್ದು ಹಿಂದಿನ ಮರದ ಕೊಂಬೆ, ನನ್ನದೇ ಸೆರಗು, ಒಮ್ಮೆ ಯಜಮಾನರ ಟೋಪಿ. ಅವರು ಒಂದು ದಿನವೂ ರೇಗಲಿಲ್ಲ. ಪಕ್ಕದಲ್ಲಿ ಕೂತು, ದಾರಕ್ಕೆ ಬೆಂಡು ಕಟ್ಟುವುದನ್ನು ತೋರಿಸಿಕೊಟ್ಟರು. ಬೆಂಡಿನ ಕೆಳಗೆ ಸೀಸದ ಗುಂಡು ಕಟ್ಟಬೇಕು. ಗುಂಡು ಭಾರವಾದರೆ ಬೆಂಡು ಮುಳುಗಿಹೋಗುತ್ತದೆ, ಹಗುರವಾದರೆ ನೀರಿನ ಮೇಲೆ ಅಂಗಾತ ಮಲಗುತ್ತದೆ. ಎರಡರ ನಡುವಿನ ಹದ ಸಿಗುವ ತನಕ ಅವರು ಚಾಕುವಿನಿಂದ ಬೆಂಡನ್ನು ಒಂದೊಂದೇ ಎಳೆ ಹೆರೆಯುತ್ತಿದ್ದರು. ಮಾತಾಡುತ್ತಿದ್ದರೂ ಸರಿ, ಆಕಳಿಸುತ್ತಿದ್ದರೂ ಸರಿ, ಕೈ ಅದರ ಪಾಡಿಗೆ ಅದು ಹೆರೆಯುತ್ತಿತ್ತು.

ಮನೆಯಲ್ಲಿ ಅಪರೂಪಕ್ಕೆ ಬಾಯಿಬಿಡುವ ಮನುಷ್ಯ ದಂಡೆಯ ಮೇಲೆ ಪಿಸುಗುಟ್ಟುತ್ತ ಎಷ್ಟೆಲ್ಲ ಹೇಳಿದರು! ತಮ್ಮ ಅಪ್ಪನ ಕೈಯಲ್ಲಿ ತಿಂದ ಏಟು, ಮೊದಲ ಸಲ ಮಾಡಿದ ಕುರ್ಚಿ ಮುರಿದು ಬೀಗರು ಕೆಳಗೆ ಬಿದ್ದದ್ದು, ಎಲ್ಲ. ನಾನು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕೆ. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಇವರು ಇಷ್ಟು ತಮಾಷೆಯ ಮನುಷ್ಯ ಅಂತ ನನಗೆ ತಿಳಿದದ್ದು ಅಲ್ಲೇ.

ಒಂದು ಸಂಜೆ ನನ್ನ ಬೆಂಡು ಗುಳಕ್ಕನೆ ಮಾಯವಾಯಿತು. ಕೋಲು ಬಾಗಿತು. “ಎಳೀಬೇಡ, ಬಿಡು, ಈಗ ಎಳಿ, ಅಯ್ಯೋ ಬಿಡು!” ಅಂತ ಯಜಮಾನರು ದಂಡೆಯ ಮೇಲೆ ಕುಣಿದಾಡಿದರು. ಕೊನೆಗೆ ಅಂಗೈಯಗಲದ ಒಂದು ಬೆಳ್ಳಿಬಣ್ಣದ ಮೀನು ನನ್ನ ಕೈಗೆ ಬಂತು. ಅದು ಒದ್ದಾಡಿದ್ದಕ್ಕಿಂತ ಹೆಚ್ಚು ನನ್ನ ಎದೆ ಒದ್ದಾಡಿತು. ನೀರಿಗೆ ಬಿಟ್ಟಾಗ ಅದು ಒಂದು ಗಳಿಗೆ ಬೆರಳುಗಳ ನಡುವೆ ನಿಂತು, ಆಮೇಲೆ ಸರ್ರನೆ ಹೋಯಿತು. ನಾನು ಸದಸ್ಯೆಯಾದೆ.

ಅಲ್ಲಿಗೆ ನಾನು ಮನೆಗೆ ಬಂದು ಓಟಿನ ದಿನಕ್ಕೆ ಕಾಯಬೇಕಿತ್ತು. ಆದರೆ ಮರುದಿನ ಸಂಜೆಯಾಗುತ್ತಲೇ ಕಾಲು ತಾನಾಗಿ ನದಿಯ ಕಡೆ ಎಳೆಯಿತು. ಅದರ ಮರುದಿನವೂ. ಯಾರದೋ ಪ್ಯಾಂಟಿಗೆ ಒಂದೇ ಕಾಲು ಹೊಲಿದು ಬಿಟ್ಟು ಹೋಗಿದ್ದೂ ಉಂಟು. ಹಿಡಿಯಲು ಹೋದವಳೇ ಗಾಳಕ್ಕೆ ಬಿದ್ದಿದ್ದೆ. ಈಗ ನದಿ ರಜೆ ನನಗೂ ಬೇಡವಾಗಿತ್ತು.

ಓಟಿನ ದಿನ ಬಂತು. ಸಂಘದ ಕಟ್ಟಡ ಅಂದರೆ ನದಿಯ ಪಕ್ಕದಲ್ಲಿ ಹಿಂದೆ ದೋಣಿ ಇಡುತ್ತಿದ್ದ ಒಂದು ಹಳೆಯ ದೋಣಿಮನೆ. ಗೋಡೆಗೆ ಮುರಿದ ಹುಟ್ಟುಗಳು, ಮೊಳೆಗೆ ನೇತುಹಾಕಿದ ಒದ್ದೆ ಕೋಟುಗಳು, ಒಂದೇ ಒಂದು ನೆಟ್ಟಗಿರುವ ಬೆಂಚು. ಅದೂ ನಮ್ಮ ಯಜಮಾನರು ಮಾಡಿದ್ದು. ಮೇಜಿನ ಮೇಲೆ ನೀರು ತುಂಬಿದ ದೊಡ್ಡ ಗಾಜಿನ ಜಾಡಿ. ಅದರ ಮೇಲೆ ಬಟ್ಟೆ ಹೊದಿಸಿ ಕೈ ಹೋಗುವಷ್ಟು ತೂತು ಬಿಟ್ಟಿದ್ದರು. ಅಲ್ಲಿ ಓಟು ಹಾಕುವ ಪದ್ಧತಿಯೇ ಹಾಗೆ. ಪ್ರತಿಯೊಬ್ಬರಿಗೂ ಒಂದು ಬೆಂಡು, ಒಂದು ಸೀಸದ ಗುಂಡು ಕೊಡುತ್ತಾರೆ. ರಜೆ ಉಳಿಯಲಿ ಅನ್ನುವವರು ಗುಂಡು ಹಾಕಬೇಕು, ಬೇಡ ಅನ್ನುವವರು ಬೆಂಡು. ಕೈಯಲ್ಲಿ ಉಳಿದದ್ದನ್ನು ಪಕ್ಕದ ಡಬ್ಬಿಗೆ ಹಾಕಿ ಬರಬೇಕು. ಮುಳುಗಿದ್ದು, ತೇಲಿದ್ದು ಎಣಿಸಿದರೆ ಆಯಿತು.

ಮೊದಲು ಮಾತು. ಗಾಳದ ಅಂಗಡಿಯ ಹುಳದಣ್ಣ ಎದ್ದು ನಿಂತ. ಎರೆಹುಳು ಮಾರಿ ಮಾರಿ ಅವನಿಗೆ ಆ ಹೆಸರೇ ನಿಂತುಬಿಟ್ಟಿದೆ.

“ಕೆರೇಲಿ ವರ್ಷಪೂರ್ತಿ ಗಾಳ ಹಾಕ್ತಾರೆ. ಅಲ್ಲಿನ ಮೀನು ಮೊಟ್ಟೆ ಇಡಲ್ವಾ? ನದಿ ಮೀನಿಗೆ ಮಾತ್ರ ಬಾಣಂತನನಾ? ನಾವು ಹೇಗೂ ಹಿಡಿದು ಬಿಟ್ಬಿಡ್ತೀವಿ. ಇನ್ನೊಂದು ಮಾತು ಕೇಳಿ. ನಾವು ಮನೇಲಿ ಕೂತಾಗ ಕದ್ದು ಬಲೆ ಹಾಕೋರನ್ನ ನೋಡೋರು ಯಾರು? ಯಾರಾದ್ರೂ ಹೊಲಸು ನೀರು ಬಿಟ್ರೆ ಕೂಗೋರು ಯಾರು? ನದಿಗೆ ಕಾವಲು ನಾವೇ ಕಣ್ರೀ.”

ಮಾತು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಎಷ್ಟೋ ತಲೆಗಳು ತೂಗಿದವು. ಆಗ ನನ್ನ ಪಕ್ಕದಲ್ಲಿದ್ದ ನರ್ಸಮ್ಮ ಎದ್ದರು. ಆಸ್ಪತ್ರೆಯ ಹೆರಿಗೆ ವಾರ್ಡು ನಡೆಸುವವರು. ಅವರ ಮುಂದೆ ಜೋರು ಮಾತಾಡಿದ ಗಂಡಸರು ಊರಲ್ಲಿಲ್ಲ.

“ನನ್ನ ವಾರ್ಡಿಗೆ ನೋಡೋಕೆ ಬರೋರೆಲ್ಲ ಒಳ್ಳೇರೇ. ಆದ್ರೂ ನಾನು ಬಾಗಿಲು ಹಾಕ್ತೀನಿ. ಹಿಡಿದು ಬಿಡ್ತೀವಿ ಅಂತಿದೀಯಲ್ಲಣ್ಣ, ನೋವು ತಿನ್ನೋ ಬಸುರೀನ ಬಸ್ಸಿಂದ ಇಳಿಸಿ, ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡು, ಮತ್ತೆ ಹತ್ತಿಸಿದ್ರೆ ಅವಳಿಗೆ ಹೇಗಿರುತ್ತೆ? ಕಾವಲು ಇರ್ಬೇಕು ಅಂದ್ರೆ ಇರಿ. ಕೋಲು ಮನೇಲಿಟ್ಟು ಬಂದು ಕಾವಲು ಇರಿ.”

ದೋಣಿಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ನನ್ನ ಬೆರಳುಗಳ ನಡುವೆ ಒಂದು ಗಳಿಗೆ ನಿಂತು ಹೋದ ಆ ಮೀನು ನೆನಪಾಯಿತು. ಮೆಟ್ಟಿಲು ಒಂದು ಕಡೆ ಇರಲಿ, ಅದಕ್ಕೂ ಒಂದಿಷ್ಟು ದಿನ ಬಾಗಿಲು ಹಾಕಿಕೊಳ್ಳುವ ಹಕ್ಕಿದೆ ಅನ್ನಿಸಿತು. ನನ್ನ ಸರದಿ ಬಂದಾಗ ಗುಂಡು ಹಾಕಿದೆ. ಹಿಂದೆ ಕಿಟಕಿಯ ಬಳಿ ಕೂತಿದ್ದ ಯಜಮಾನರು ಕೊನೆಯಲ್ಲಿ ಬಂದು ಕೈ ಹಾಕಿ ಹೋದರು. ಅವರದು ಬೆಂಡು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಮೇಷ್ಟ್ರು, ಅದೇ ಈರುಳ್ಳಿ ಕೋಟಿನಲ್ಲಿ, ಜಾಡಿಯ ಬಟ್ಟೆ ತೆಗೆದರು. ಎಣಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು.

“ತಳದಲ್ಲಿ ಎಷ್ಟಿದೆಯೋ ಮೇಲೂ ಅಷ್ಟೇ ಇದೆ. ಸರಿಸಮ. ಆದ್ರೆ ಇದೇನಿದು?”

ಎಲ್ಲರೂ ಮೇಜಿಗೆ ಮುಗಿಬಿದ್ದರು. ಜಾಡಿಯ ನಟ್ಟನಡುವೆ, ತಳಕ್ಕೂ ತಾಗದೆ ಮೇಲಕ್ಕೂ ಬಾರದೆ, ಒಂದು ಬೆಂಡು ನೆಟ್ಟಗೆ ನಿಂತಿತ್ತು. ಅದರ ಕೆಳಗೆ ಅಚ್ಚುಕಟ್ಟಾಗಿ ಒಂದು ಗುಂಡು ಕಟ್ಟಿತ್ತು.

“ಆಹಾ, ಏನು ಹದ!” ಅಂದ ಹುಳದಣ್ಣ, ಜಗಳ ಮರೆತು. “ಇಷ್ಟು ಹದವಾಗಿ ಬೆಂಡು ಹೆರೆಯೋನು ಊರಲ್ಲಿ ಒಬ್ಬನೇ.”

ಎಲ್ಲರ ಕಣ್ಣೂ ಕಿಟಕಿಯ ಕಡೆ ತಿರುಗಿದವು. ಯಜಮಾನರ ಕಾಲ ಬಳಿ ಬೆಂಡಿನ ಸಣ್ಣ ಸಣ್ಣ ಹೆರೆಚೂರು ಹರಡಿತ್ತು.

“ಯೋಚನೆ ಮಾಡ್ತಾ ಕೂತಿದ್ದೆ ಮೇಷ್ಟ್ರೇ,” ಅಂದರು ಅವರು, ಕಿವಿಯೆಲ್ಲ ಕೆಂಪಾಗಿ. “ಕೈ ಯಾವಾಗ ಕಟ್ಬಿಡ್ತೋ ಗೊತ್ತಾಗ್ಲಿಲ್ಲ. ಕರೆದ್ರಲ್ಲ, ಹಾಗೇ ತಂದು ಹಾಕ್ಬಿಟ್ಟೆ.”

“ಸರಿಯಪ್ಪ, ಈಗ ಬಾಯಲ್ಲೇ ಹೇಳು. ಇದು ಮುಳುಗಿದ್ದಾ, ತೇಲಿದ್ದಾ? ಎಲ್ಲ ನಿನ್ನ ಮೇಲೇ ನಿಂತಿದೆ.”

ಯಜಮಾನರು ಎದ್ದು ನಿಂತರು. ನನ್ನ ಕಡೆ ನೋಡಿದರು, ನೆಲ ನೋಡಿದರು.

“ರಜೆ ಇದ್ರೆ ಇವಳ ಮೆಟ್ಟಿಲು ಮುಗಿಯುತ್ತೆ. ಅದೇನು ದೊಡ್ಡ ಕೆಲಸ ಅಲ್ಲ, ಒಂದು ವಾರ ಸಾಕು.”

“ಒಂದು ವಾರನಾ?” ನಾನು ಕೂತಲ್ಲಿಂದ ಎದ್ದೇಬಿಟ್ಟೆ. “ರೀ, ನಾನು ಇಷ್ಟು ವರ್ಷದಿಂದ ಸಾರಿನ ಪಾತ್ರೆ ಪಕ್ಕದಲ್ಲಿ ಕೂತು ಕೋಟು ಹೊಲಿತಿದೀನಿ! ಒಂದು ವಾರದ ಕೆಲಸನಾ?”

“ಹೂಂ ಕಣೇ. ಬೇಕು ಅಂತಲೇ ಎಳೆದೆ.” ಅವರ ದನಿ ಇಳಿಯಿತು. “ನೀನು ಮೇಲೆ ಹೋಗಿಬಿಟ್ರೆ ಕೆಳಗೆ ನಾನು ಯಾರ ಮುಖ ನೋಡ್ಲಿ? ಮನೆಗೆ ಬಂದಾಗ ನಿನ್ನ ಮಷೀನ್ ಸದ್ದು ಕೇಳಿದ್ರೆನೇ ನನಗೆ ಮನೆಗೆ ಬಂದ ಹಾಗೆ. ಅದು ಹಾಗಿರ್ಲಿ. ಈಗ ನದಿಗೂ ಜೊತೆಗೆ ಬರ್ತಿದೀಯ. ರಜೆ ಬೇಡ ಅಂದ್ರೆ ನಿನಗೆ ಕೋಣೆ ಇಲ್ಲ. ಬೇಕು ಅಂದ್ರೆ ನೀನು ನದೀಲೂ ಇಲ್ಲ, ಅಡುಗೆಮನೇಲೂ ಇಲ್ಲ. ಏನು ಹಾಕ್ಲಿ ಹೇಳು?”

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಇಷ್ಟು ಮಂದಿಯ ಮುಂದೆ ಈ ಮನುಷ್ಯ ನನ್ನನ್ನು ಇಷ್ಟು ಇಷ್ಟಪಡುತ್ತೇನೆಂದು ಹೇಳಿಬಿಟ್ಟಿದ್ದರು, ಅದೂ ಜಗಳದ ಮಧ್ಯೆ.

“ಅಲ್ರೀ, ಆ ಕೋಣೆಗೆ ಮೆಟ್ಟಿಲು ಒಬ್ಬರು ಹತ್ತೋಷ್ಟೇ ಅಗಲ ಮಾಡಿದೀರಾ?” ಅಂದೆ. “ಮೇಲೆ ಎರಡು ಕುರ್ಚಿ ಹಾಕಿದ್ರಾಯ್ತು. ಇಷ್ಟು ಸಣ್ಣ ವಿಷಯ ಕೇಳೋಕೆ ಊರಿನ ಓಟನ್ನೇ ನಿಲ್ಲಿಸ್ಬೇಕಿತ್ತಾ?”

ಅವರು ಮೇಜಿನ ಬಳಿ ಬಂದರು. ಆಮೇಲೆ ಜಾಡಿಗೆ ಮೊಣಕೈ ತನಕ ಕೈ ಅದ್ದಿ ಬೆಂಡನ್ನು ತೆಗೆದು, ಹಲ್ಲಿನಿಂದ ದಾರ ಕಚ್ಚಿ, ಗುಂಡನ್ನು ನೀರಿಗೆ ಬಿಟ್ಟರು. ಟಣ್ ಅಂದಿತು.

“ರಜೆ ಉಳೀತು,” ಅಂದರು ಮೇಷ್ಟ್ರು. ನರ್ಸಮ್ಮ ಚಪ್ಪಾಳೆ ತಟ್ಟಿದರು. ಹುಳದಣ್ಣ ಮುಖ ಊದಿಸಿಕೊಂಡ. ಆದರೆ ರಜೆಯಲ್ಲಿ ಕೋಲಿಲ್ಲದೆ ದಂಡೆ ಕಾಯುವವರ ಮುಂದಾಳು ಅವನೇ ಆಗಬೇಕೆಂದು ಮೇಷ್ಟ್ರು ಹೇಳಿದಾಗ, ಸೀಟಿ ಕೊಡ್ತೀರಾ ಅಂತ ಕೇಳಿದ. ಕೊಟ್ಟರು. ಅವತ್ತಿನಿಂದ ಊರಿಗೆ ನೆಮ್ಮದಿಯಿಲ್ಲ.

ಮೆಟ್ಟಿಲು ಹೇಳಿದ ಹಾಗೆ ಒಂದು ವಾರದಲ್ಲಿ ಮುಗಿಯಿತು. ಬೆಕ್ಕು ಮುನಿಸಿಕೊಂಡು ಒಲೆಯ ಪಕ್ಕಕ್ಕೆ ಹೋಯಿತು. ಮಷೀನನ್ನು ಇಬ್ಬರೂ ಹಿಡಿದು ಮೇಲೆ ಸಾಗಿಸಿದೆವು. ಅದರ ಹಿಂದೆಯೇ ಅವರು ತಮ್ಮ ಚಾಕು, ಬೆಂಡು, ವಾರ್ನಿಷ್ ಡಬ್ಬಿ, ಒಂದು ಕುರ್ಚಿ ತಂದು ಕಿಟಕಿಯ ಬಳಿ ಬೀಡುಬಿಟ್ಟರು. ನದಿ ಮತ್ತೆ ತೆರೆಯುವ ದಿನಕ್ಕೆಂದು ನನಗೊಂದು, ಅವರಿಗೊಂದು ಬೆಂಡು ತಯಾರಾಗುತ್ತಿದೆ. ಮೇಷ್ಟ್ರ ಹೊಸ ಕೋಟಿಗೆ ಈಗ ಈರುಳ್ಳಿಯ ಬದಲು ವಾರ್ನಿಷ್ ವಾಸನೆ. ಹಸಿವಾಗುವುದು ನಿಂತಿದೆ, ಆದರೆ ತಲೆ ತಿರುಗುತ್ತದೆ ಅನ್ನುತ್ತಾರೆ.

ನಾನು ದಾರ ಪೋಣಿಸಲು ಒಂದು ಗಳಿಗೆ ಮಷೀನು ನಿಲ್ಲಿಸಿದರೆ ಸಾಕು, ಪಕ್ಕದ ಕುರ್ಚಿಯಿಂದ, ಹೆರೆಯುತ್ತಿರುವ ಬೆಂಡಿನಿಂದ ತಲೆ ಎತ್ತದೆಯೇ ಕೇಳುತ್ತಾರೆ:

“ಯಾಕೇ, ನಿಲ್ಲಿಸಿಬಿಟ್ಟೆ?”